ಅರ್ಧಕ್ಕೆ ನಿಂತ ಕೈ

ನಮ್ಮ ಮನೆಯ ಸೂಜಿ-ದಾರದ ಡಬ್ಬಿಯಲ್ಲಿ ಗುಂಡಿಗಳ ನಡುವೆ ಒಂದು ಹಸಿರು ಚೂರು ಬಿದ್ದಿದೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಒಂದು ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು, ಇನ್ನೊಂದು ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದುಂಡಗಿರುವ ಎರಡು ಉಬ್ಬುಗಳು. ಮೊನ್ನೆ ಸೀರೆಗೆ ಫಾಲ್ಸ್ ಹಚ್ಚೋಣವೆಂದು ದಾರ ಹುಡುಕುವಾಗ ಕೈಗೆ ಸಿಕ್ಕಿತು. ಎದುರುಮನೆಯ ಸರೋಜಮ್ಮ ಪಕ್ಕದಲ್ಲೇ ಕೂತಿದ್ದರು.

"ಏನಮ್ಮಾ ಇದು, ಸಿಮ್ಮಾ?"

"ಅಲ್ಲ ಸರೋಜಮ್ಮ, ಲ್ಯಾಪ್‌ಟಾಪಿಂದು. ವೈಫೈ ಕಾರ್ಡು."

"ಕೆಟ್ಟೋಯ್ತಾ?"

"ಇಲ್ಲ, ಚೆನ್ನಾಗೇ ಇದೆ."

"ಚೆನ್ನಾಗಿರೋದನ್ನ ಯಾಕಮ್ಮ ಕಿತ್ತೆ?"

ಸರೋಜಮ್ಮನ ಪ್ರಶ್ನೆ ನ್ಯಾಯವಾದದ್ದೇ. ಆವತ್ತು ಸಾರು ಉಕ್ಕಿತೆಂದು ಒಳಗೆ ಓಡಿ ತಪ್ಪಿಸಿಕೊಂಡೆ. ನಿಮಗಾದರೆ ನಿಧಾನವಾಗಿ ಹೇಳಬಹುದು. ಆದರೆ ಕಾರ್ಡಿನ ಕಥೆ ಹೇಳಬೇಕಾದರೆ ಮೊದಲು ನನ್ನ ರತ್ನಕ್ಕನ ವಿಷಯ ಹೇಳಬೇಕು.

ರತ್ನಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತು ಬಾರದು. ಮಂಡಿಕಲ್ ಹತ್ತಿರದ ನಮ್ಮ ಊರಿನಲ್ಲಿ ಆಗ ಅಂಥ ಮಕ್ಕಳಿಗೆ ಬೇರೆ ಶಾಲೆ ಇರಲಿಲ್ಲ. ಇದ್ದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಗೋಡೆಗೊರಗಿ ಕೂತು ಬಂದಳು. ಅಂಕಿ ಕಲಿತಳು, ಹೆಸರು ಬರೆಯಲು ಕಲಿತಳು, ಅಲ್ಲೊಂದು ಇಲ್ಲೊಂದು ಪದ ಕಲಿತಳು. ಉಳಿದದ್ದನ್ನೆಲ್ಲ ನಾವಿಬ್ಬರೇ ಕೈಯಲ್ಲಿ ಕಟ್ಟಿಕೊಂಡೆವು. ಯಾವ ಪುಸ್ತಕದಲ್ಲೂ ಸಿಗದ ಭಾಷೆ ಅದು. ಹೆಬ್ಬೆರಳು ಗಲ್ಲಕ್ಕೆ ಒತ್ತಿದರೆ ಅಮ್ಮ, ಏಕೆಂದರೆ ಅಮ್ಮನಿಗೆ ಗಲ್ಲದಲ್ಲಿ ಹಚ್ಚೆ ಇತ್ತು. ಮೂಗಿನ ಕೆಳಗೆ ತೋರುಬೆರಳು ಎಳೆದರೆ ನಾನು. ಚಿಕ್ಕವಳಿದ್ದಾಗ ನನಗೆ ಸದಾ ನೆಗಡಿ. ಈಗ ನನಗೆ ಐವತ್ತು ದಾಟಿದೆ, ಚಿಂತಾಮಣಿಯ ಕಾಲೇಜೊಂದರ ಆಫೀಸಿನಲ್ಲಿ ಎಲ್ಲರೂ ಸುಮಾ ಮೇಡಂ ಅನ್ನುತ್ತಾರೆ. ಅಕ್ಕನ ಭಾಷೆಯಲ್ಲಿ ಮಾತ್ರ ನನ್ನ ಹೆಸರು ಇವತ್ತಿಗೂ ಸಿಂಬಳಬುರುಕಿ.

ಊರಿನ ನಮ್ಮ ಮನೆಗೆ ಕಪ್ಪುಬಿಳುಪು ಟೀವಿ ಬಂದಾಗ ಅದರ ಆಂಟೆನಾ ಮಾಳಿಗೆಯ ಮೇಲಿತ್ತು. ಗಾಳಿ ಬೀಸಿದರೆ ತಿರುಗಿಬಿಡುತ್ತಿತ್ತು. ಅದನ್ನು ಸರಿಮಾಡಲು ಮೇಲೆ ಯಾರು ಹತ್ತಿದರೂ ತಬ್ಬಿಬ್ಬಾಗುತ್ತಿದ್ದರು. ಒಳಗಿಂದ ಒಬ್ಬರು "ಬಂತು" ಅಂದರೆ ಇನ್ನೊಬ್ಬರು "ಹೋಯ್ತು" ಅನ್ನುತ್ತಿದ್ದರು. ಪಕ್ಕದ ಮನೆಯ ಅಜ್ಜಿಯಂತೂ ಪರದೆಯಲ್ಲಿ ಏನು ಕಂಡರೂ "ವಚ್ಚಿಂದಿ, ವಚ್ಚಿಂದಿ" ಎಂದು ತೆಲುಗಿನಲ್ಲಿ 'ಬಂತು' ಕೂಗಿ ಸಂಭ್ರಮಪಡುತ್ತಿತ್ತು. ಈ ಕೂಗಾಟ ಮುಟ್ಟದವಳು ಅಕ್ಕ ಒಬ್ಬಳೇ. ಹಾಗಾಗಿ ಅವಳು ಮೇಲೆ, ನಾನು ಅಂಗಳದಲ್ಲಿ. ಕಿಟಕಿಯಿಂದ ಚಿತ್ರ ನೋಡಿ ನಾನು ಕೈಯಲ್ಲಿ ಹೇಳುತ್ತಿದ್ದೆ, ಅವಳು ಕೊಳವೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದಳು. ಒಂದು ಭಾನುವಾರ ಮಾತ್ರ ಚಿತ್ರ ನಿಚ್ಚಳವಾದದ್ದೇ ತಡ, ನಾನು ಅವಳನ್ನು ಮರೆತು ಒಳಗೆ ಓಡಿಹೋಗಿ ಕೂತೆ. ಕಾರ್ಯಕ್ರಮ ಮುಗಿದ ಮೇಲೆ ಅಮ್ಮ "ರತ್ನ ಎಲ್ಲೇ?" ಅಂದಳು. ಅಕ್ಕ ಬಿಸಿಲಲ್ಲಿ ಕೊಳವೆ ಹಿಡಿದುಕೊಂಡೇ ನಿಂತಿದ್ದಳು. ಬಿಟ್ಟರೆ ಚಿತ್ರ ಹೋದೀತೆಂದು. ಅಮ್ಮ ನನಗೆ ಕೊಟ್ಟ ಏಟು ಮರೆತುಹೋಗಿದೆ. ಅಕ್ಕ ಇಳಿದು ಬಂದು, ಟೀವಿಯಲ್ಲಿ ಏನೇನಾಯಿತೆಂದು ಅಕ್ಕರೆಯಿಂದ ಕೇಳಿದ್ದು ಮರೆತಿಲ್ಲ.

ದೊಡ್ಡವರಾದ ಮೇಲೆ ಎಲ್ಲೇ ಹೋದರೂ ಅವಳಿಗೆ ನಾನೇ ಬಾಯಿ. ಬ್ಯಾಂಕಿಗೆ, ಆಸ್ಪತ್ರೆಗೆ, ತಾಲ್ಲೂಕು ಕಚೇರಿಗೆ. ಅವಳ ಮದುವೆಯ ಮಾತುಕತೆಗೂ ನಾನೇ. ಭಾವ ತೊಂಡೇಬಾವಿ ಕಡೆಯವರು, ಅವರಿಗೂ ಕಿವಿ ಕೇಳಿಸದು. ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಇಬ್ಬರೂ ಗೌರಿಬಿದನೂರಿನಲ್ಲಿದ್ದಾರೆ, ಮಕ್ಕಳಿಲ್ಲ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಅವಳು ಹೊಲಿದ ರವಿಕೆಯನ್ನು ಒಳಮಗ್ಗುಲು ತಿರುಗಿಸಿ ಹಾಕಿಕೊಂಡರೂ ಯಾರಿಗೂ ಗೊತ್ತಾಗದು. ಹೊಲಿಗೆ ಅಷ್ಟು ಓರಣ.

ಬುಧವಾರ, ಭಾನುವಾರ ಸಂಜೆ ಐದಕ್ಕೆ ನಾವಿಬ್ಬರೂ ವಿಡಿಯೋ ಕರೆಯಲ್ಲಿ ಕೂರುತ್ತಿದ್ದೆವು. ಫೋನಿನಲ್ಲಿ ಯಾಕಲ್ಲ ಅಂತ ಕೇಳಬಹುದು. ಮಾತಾಡಲು ನಮಗೆ ಎರಡು ಕೈಯೂ ಬೇಕು. ಫೋನನ್ನು ಲೋಟಕ್ಕೆ ಒರಗಿಸಿದರೆ ಜಾರುತ್ತದೆ. ಜಾರದಿದ್ದರೂ ಅಷ್ಟಗಲದ ಪರದೆಯಲ್ಲಿ ಅಕ್ಕನ ಬೆರಳುಗಳು ನನ್ನ ಕನ್ನಡಕಕ್ಕೆ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಅದಕ್ಕೇ ಲ್ಯಾಪ್‌ಟಾಪ್. ಬೇರೆಯವರು ಬಳಸಿ ಕೊಟ್ಟದ್ದು, ಹಳೆಯದು. ಅಡುಗೆಮನೆಯ ಪಕ್ಕದ ಊಟದ ಮೇಜಿನ ಮೇಲಿಟ್ಟರೆ ಮುಖಕ್ಕೆ ಒಳ್ಳೆಯ ಬೆಳಕು. ನಮ್ಮ ಭಾಷೆಯಲ್ಲಿ ಹುಬ್ಬು, ತುಟಿ, ಕೆನ್ನೆ ಎಲ್ಲಕ್ಕೂ ಕೆಲಸವಿರುವುದರಿಂದ ಬೆಳಕು ಮುಖ್ಯ.

ಒಂದೇ ತೊಂದರೆ. ವೈಫೈ ಪೆಟ್ಟಿಗೆ ಹತ್ತು ಹೆಜ್ಜೆ ದೂರದ ಹಾಲಿನಲ್ಲಿದ್ದರೂ ಊಟದ ಮೇಜಿನ ಹತ್ತಿರ ಅದರ ಸಿಗ್ನಲ್ ಗೆರೆಗಳು ಒಂದಕ್ಕಿಳಿಯುತ್ತಿದ್ದವು. ಚಿತ್ರ ಆಗಾಗ ನಿಂತುಬಿಡುತ್ತಿತ್ತು. ಮಾತು ಕೇಳುವವರಿಗೆ ಚಿತ್ರ ನಿಂತರೂ ದನಿ ಇರುತ್ತದೆ. ನಮಗೆ ಚಿತ್ರ ನಿಂತರೆ ಎಲ್ಲ ನಿಂತಂತೆಯೇ.

ಹೋದ ವರ್ಷ ಒಂದು ಬುಧವಾರ ಅಕ್ಕ ಕುಣಿಯುವ ಕೈಗಳೊಂದಿಗೆ ಕಾಣಿಸಿಕೊಂಡಳು. ಚಿಕ್ಕಬಳ್ಳಾಪುರದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ತರಬೇತಿ ಕೇಂದ್ರವೊಂದಿದೆಯಂತೆ. ಈ ಸಲ ಕಿವಿ ಕೇಳಿಸದ ಮೂವರು ಹುಡುಗಿಯರು ಸೇರಿದ್ದಾರಂತೆ. ಕಲಿಸಲು ಟೀಚರ್ ಬೇಕು, ಬಂದು ನೋಡಿ ಎಂದು ಅಕ್ಕನಿಗೆ ಹೇಳಿ ಕಳಿಸಿದ್ದಾರೆ. ಇಷ್ಟು ಹೇಳಿ, ಮೂಗಿನ ಕೆಳಗೆ ಬೆರಳು ಎಳೆದು ಕೇಳಿದಳು: ನೀನು ಜೊತೆಗೆ ಬರ್ತೀಯಾ?

ಬರ್ತೀನಿ ಅಂದೆ. ನಮ್ಮ ಭಾಷೆಯಲ್ಲಿ ಅದನ್ನು ಹೇಳುವುದು ಹೀಗೆ: ಶಾಲೆಯಲ್ಲಿ ಹಾಜರಿ ಹೇಳುವಾಗಿನಂತೆ ಅಂಗೈ ಎತ್ತಿ ಎದುರಿಗೆ ತೋರಿಸಬೇಕು, ಆಮೇಲೆ ಅದೇ ಕೈಯನ್ನು ಎಳೆದು ಎದೆಗೆ ಮುಟ್ಟಿಸಬೇಕು. ಮುಟ್ಟಿಸಿದೆ. ಯಾವತ್ತು, ಎಷ್ಟು ಗಂಟೆಗೆ ಅಂತಲೂ ಕೇಳಿದೆ. ಅಷ್ಟರಲ್ಲಿ ಪರದೆಯಲ್ಲಿ ಅಕ್ಕ ಕಣ್ಣರಳಿಸಿಕೊಂಡು ಬೊಂಬೆಯಂತೆ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಕರೆ ಕಡಿದುಹೋಯಿತು. ದಿನ ಗೊತ್ತಾದರೆ ಅವಳೇ ಹೇಳುತ್ತಾಳೆ ಎಂದುಕೊಂಡೆ. ಕಾಲೇಜಿನಲ್ಲಿ ಅಡ್ಮಿಷನ್ ಗಲಾಟೆ. ಭಾನುವಾರ ಅವಳು ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಮುಂದಿನ ಬುಧವಾರವೂ ಹಾಗೇ ಹೋಯಿತು.

ಆಮೇಲೆ ಒಂದು ದಿನ ಆಫೀಸಿನಲ್ಲಿದ್ದಾಗ ಅಕ್ಕನ ಮೆಸೇಜು ಬಂತು. "ಚಿಕ್ಕಬಳ್ಳಾಪುರ ಹೋದೆ ಬಂದೆ."

"ಯಾಕೆ ಹೇಳಲಿಲ್ಲ?" ಅಂತ ಬರೆದೆ.

"ನೀನು ಕೈ" ಎಂಬ ಎರಡು ಪದ ಬಂದವು. ಅದರ ಮುಂದೆ ಎತ್ತಿದ ಅಂಗೈಯ ಚಿತ್ರ.

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎತ್ತಿದ ಅಂಗೈಯನ್ನು ಎದೆಗೆ ಎಳೆಯದೆ ಹಾಗೇ ಹಿಡಿದರೆ, ನಮ್ಮ ಭಾಷೆಯಲ್ಲಿ ಅದು "ಆಗಲ್ಲ". ಬಸ್ಸಿನಲ್ಲಿ ಜಾಗವಿಲ್ಲದಾಗ ಕಂಡಕ್ಟರು ಕೈ ತೋರಿಸುತ್ತಾರಲ್ಲ, ಅಲ್ಲಿಂದ ಬಂದದ್ದು. ಅವಳ ಪರದೆಯಲ್ಲಿ ನನ್ನ ಕೈ ಅಲ್ಲಿಗೇ ನಿಂತಿದೆ. ಹಿಂದೆಂದೂ ಅವಳಿಗೆ ಆಗಲ್ಲ ಅನ್ನದವಳು, ಜೀವನದಲ್ಲಿ ಒಮ್ಮೆ ಬಂದ ಅವಕಾಶಕ್ಕೆ ಆಗಲ್ಲ ಅಂದ ಹಾಗಾಯಿತು. ಉದ್ದುದ್ದ ಮೆಸೇಜು ಬರೆದೆ. ಉದ್ದ ವಾಕ್ಯ ಅವಳಿಗೆ ಹತ್ತುವುದಿಲ್ಲ ಎಂಬುದು ಬರೆದ ಮೇಲೆ ನೆನಪಾಯಿತು. ವಿಡಿಯೋ ಕರೆ ಮಾಡಿದೆ, ಕತ್ತರಿಸಿದಳು.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಜೋರಾಗಿ ಹೇಳಿದರೆ ಅಕ್ಕನಿಗೂ ಕೇಳಿಸುತ್ತದೆಂದು ಮದುವೆಯಾದಾಗಿನಿಂದ ನಂಬಿರುವವರು. ಅವರಿಗೇ ಹೊಳೆದದ್ದು ನನಗೆ ಹೊಳೆಯಲಿಲ್ಲ.

"ಮೊದ್ಲು ಗೌರಿಬಿದನೂರಿಗೆ ಹೋಗಿ ಬಾ. ಆ ಡಬ್ಬ ಆಮೇಲೆ ನೋಡ್ಕೊಳ್ಳೋಣ."

"ಇದು ಸರಿ ಹೋದ್ರೆ ಅವ್ಳಿಗೆ ತೋರಿಸ್ಬೋದು ಕಣ್ರೀ, ತಪ್ಪು ನಂದಲ್ಲ, ಇದ್ರದ್ದು ಅಂತ."

ಅಕ್ಕನ ಮುಖ ನೋಡುವುದಕ್ಕಿಂತ ಲ್ಯಾಪ್‌ಟಾಪ್ ಬಿಚ್ಚುವುದು ಸುಲಭವೆನ್ನಿಸಿತ್ತು, ಅಷ್ಟೆ. ಹಿಂದೆ ಮಿಕ್ಸಿ ರಿಪೇರಿ ಮಾಡಿ, ಅದು ಒಂದೇ ದಿಕ್ಕಿಗೆ ನಡೆದುಕೊಂಡು ಹೋಗಿ ಮೇಜಿನಿಂದ ಬೀಳುವ ಹಾಗೆ ಮಾಡಿದ ಅನುಭವವೂ ನನಗಿತ್ತು.

ಬಸ್‌ಸ್ಟ್ಯಾಂಡಿನ ಹತ್ತಿರ ಷಫಿ ಎಂಬುವವರ ಕಂಪ್ಯೂಟರ್ ಅಂಗಡಿ. ಬಿಟ್ಟು ಹೋಗಿ, ಗುರುವಾರ ಕೊಡ್ತೀನಿ ಅಂದರು. ಗುರುವಾರದವರೆಗೆ ಕಾಯುವ ತಾಳ್ಮೆ ಇಲ್ಲದೆ ಹೊಸ ಕಾರ್ಡು ಕೊಡಿ, ನಾನೇ ಹಾಕ್ತೀನಿ ಅಂದೆ. ಅವರು ನನ್ನನ್ನೊಮ್ಮೆ ನೋಡಿ, ಬಿಡಿಸಿ ಹೇಳಿದರು.

"ಮೊದ್ಲು ಬ್ಯಾಟರಿ ಕನೆಕ್ಷನ್ ತೆಗೀರಿ ಮೇಡಂ. ಕಾರ್ಡಿಗೆ ಒಂದೇ ಸ್ಕ್ರೂ. ಮೇಲೆ ಎರಡು ಸಣ್ಣ ವೈರ್ ಇರ್ತವೆ, ಕಪ್ಪು ಒಂದು, ಬಿಳಿ ಒಂದು. ಅವೇ ಆಂಟೆನಾ. ಎತ್ತೋಕೆ ಮುಂಚೆ ಫೋಟೋ ಹೊಡ್ಕೊಳ್ಳಿ. ಹೊಸದಕ್ಕೆ ಕೂರಿಸ್ಬೇಕಾದ್ರೆ ಒತ್ತಿ, ಟಿಕ್ ಅನ್ಬೇಕು. ಟಿಕ್ ಅನ್ಲಿಲ್ಲ ಅಂದ್ರೆ ಕೂತಿಲ್ಲ."

ಆಂಟೆನಾ ಮಾಳಿಗೆಯಿಂದಿಳಿದು ದಾರದಷ್ಟಾಗಿ ಲ್ಯಾಪ್‌ಟಾಪಿನ ಹೊಟ್ಟೆ ಸೇರಿದ್ದು ನನಗೆ ಆವತ್ತೇ ಗೊತ್ತಾದದ್ದು. ಮನೆಗೆ ಬಂದು ಬಿಚ್ಚಿದೆ. ಹಳೆಯ ಕಾರ್ಡು ಸುಲಭವಾಗಿಯೇ ಬಂತು. ಹೊಸದನ್ನು ಸಿಕ್ಕಿಸಿ ಸ್ಕ್ರೂ ಬಿಗಿದೆ. ಆ ಎರಡು ವೈರುಗಳೇ ಕಷ್ಟ ಕೊಟ್ಟವು. ಸಾಸಿವೆ ಕಾಳಿನ ಮೇಲೆ ಸಾಸಿವೆ ಕಾಳು ಕೂರಿಸುವ ಕೆಲಸ. ಟಿಕ್ ಕೇಳಿಸಲೆಂದು ಮನೆಯವರಿಗೆ ಟೀವಿ ಆರಿಸಲು ಹೇಳಿ, ಫ್ಯಾನು ನಿಲ್ಲಿಸಿ, ಕಿವಿ ಹತ್ತಿರ ಹಿಡಿದೆ. ಅಂತೂ ಎರಡು ಸಲ ಕೇಳಿಸಿತು, ಅಥವಾ ಕೇಳಿಸಿತೆಂದುಕೊಂಡೆ.

ಲ್ಯಾಪ್‌ಟಾಪ್ ಏನೋ ಆನ್ ಆಯಿತು. ಆದರೆ ಹೊಸ ಕಾರ್ಡನ್ನು ಅದು ಗುರುತೇ ಹಿಡಿಯಲಿಲ್ಲ. ಡ್ರೈವರ್ ಎಂಬುದನ್ನು ಹಾಕಬೇಕಂತೆ. ಡ್ರೈವರ್ ಇಂಟರ್ನೆಟ್ಟಿನಲ್ಲಿದೆ. ಇಂಟರ್ನೆಟ್ಟಿಗೆ ಹೋಗಲು ಕಾರ್ಡು ಬೇಕು, ಕಾರ್ಡು ನಡೆಯಲು ಡ್ರೈವರ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಕೊನೆಗೆ ಷಫಿಯವರಿಗೆ ಫೋನು ಮಾಡಿದಾಗ, ಮೊಬೈಲನ್ನೇ ಚಾರ್ಜರಿನ ವೈರಿನಿಂದ ಲ್ಯಾಪ್‌ಟಾಪಿಗೆ ಸೇರಿಸಿ ಅದರ ಇಂಟರ್ನೆಟ್ ಕೊಡಿ ಅಂದರು. ಕೊಟ್ಟೆ. ಡ್ರೈವರ್ ಬಂತು, ವೈಫೈ ಬಂತು. ಊಟದ ಮೇಜಿನ ಮೇಲಿಟ್ಟೆ. ಮತ್ತೆ ಅದೇ ಒಂದು ಗೆರೆ!

ಸಿಟ್ಟಿನಿಂದ ಪರದೆಯನ್ನು ಹಿಂದಕ್ಕೆ ತಳ್ಳಿದೆ. ಗೆರೆ ನಾಲ್ಕಾಯಿತು. ನೇರ ನಿಲ್ಲಿಸಿದರೆ ಒಂದು, ಹಿಂದಕ್ಕೆ ಬಗ್ಗಿಸಿದರೆ ನಾಲ್ಕು. ಬಗ್ಗಿಸಿದಾಗ ಕ್ಯಾಮೆರಾದಲ್ಲಿ ನನ್ನ ನೆತ್ತಿ ಮತ್ತು ಫ್ಯಾನು ಮಾತ್ರ ಕಾಣುತ್ತಿತ್ತು. ಕೈ ಕಾಣಲೆಂದು ನಾನು ಯಾವಾಗಲೂ ನೇರ ಮಾಡಿಕೊಳ್ಳುತ್ತಿದ್ದೆ. ಅಂದರೆ ನಾನು ಮಾತಿಗೆ ಸರಿಯಾಗಿ ಕೂತಾಗಲೇ ನೆಟ್‌ವರ್ಕ್ ಹೋಗುತ್ತಿತ್ತು.

ಷಫಿಯವರು ಕೇಳಿ ನಕ್ಕರು. "ಸ್ಕ್ರೀನ್ ಮಡಚೋ ಹಿಂಜ್ ಹತ್ರ ವೈರ್ ಒಳಗೇ ಕಟ್ಟಾಗಿದೆ ಮೇಡಂ. ತೆಗೆದು ಮುಚ್ಚಿ, ತೆಗೆದು ಮುಚ್ಚಿ ಹಂಗಾಗತ್ತೆ. ಕಾರ್ಡ್ ಪಾಪ ಏನೂ ಮಾಡಿಲ್ಲ."

ಸರೋಜಮ್ಮ ಕೇಳಿದ ಪ್ರಶ್ನೆಗೆ ಉತ್ತರ ಇದೇ. ತಪ್ಪಿಲ್ಲದ್ದನ್ನು ಕಿತ್ತಿದ್ದೆ.

ಹೊಸ ಆಂಟೆನಾ ಜೋಡಿ ತಂದೆ. ಅದನ್ನು ಹಾಕಲು ಪರದೆಯ ಚೌಕಟ್ಟು ಬಿಚ್ಚಿ, ವೈರನ್ನು ಹಿಂಜಿನ ಸಂದಿಯಲ್ಲಿ ತೂರಿಸಿ ಕೆಳಗೆ ತರಬೇಕು. ಸಂದಿ ನೋಡಿಯೇ ಸ್ಕ್ರೂಡ್ರೈವರ್ ಕೆಳಗಿಟ್ಟೆ. ನಾನು ಮುಂದುವರಿದಿದ್ದರೆ ಪರದೆಯೇ ಒಡೆಯುತ್ತಿತ್ತು. ಮನೆಯವರು ಬಸ್ಸಿನ ಬ್ಯಾಗು ತಂದು ಮುಂದಿಟ್ಟರು.

ಮರುದಿನ ಭಾನುವಾರ. ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವಾಸನೆಯ ಚೀಲ ಹಿಡಿದವರೊಬ್ಬರು ಪಕ್ಕದಲ್ಲಿ ಕೂತು, "ಮಗೂನಾ ಅಮ್ಮಾ, ಮಲಗಿದ್ಯಾ?" ಅಂತ ನನ್ನ ತೊಡೆಯ ಮೇಲಿನ ಟವೆಲ್ಲು ನೋಡಿ ಮೆಲ್ಲಗೆ ಕೇಳಿದರು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಗೌರಿಬಿದನೂರು ಮುಟ್ಟುವಾಗ ಹನ್ನೊಂದು ದಾಟಿತ್ತು.

ಅಕ್ಕ ಬಾಗಿಲು ತೆರೆದಳು. ನೀರು ಕೊಟ್ಟಳು, ಕಾಫಿ ಕೊಟ್ಟಳು, ಹೊಲಿಗೆ ಮೆಷೀನಿನ ಮುಂದೆ ಕೂತು ಕಣ್ಣು ಮುಚ್ಚಿಕೊಂಡಳು.

ಅವಳ ಜೊತೆ ಜಗಳ ಆಡಬೇಕಾದರೆ ಅವಳು ನೋಡಬೇಕು. ಕಣ್ಣು ಮುಚ್ಚಿಕೊಂಡರೆ ಮುಗಿಯಿತು. ಬೈಯುವಂತಿಲ್ಲ, ಬೇಡುವಂತಿಲ್ಲ. ಭುಜ ಮುಟ್ಟಿದೆ, ಕೊಡವಿಕೊಂಡಳು. ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಾನು ಇದಕ್ಕೆ ಬರೋದಿಲ್ಲ ಅನ್ನುವಂತೆ ಎರಡೂ ಕೈ ಆಡಿಸಿ ಒಳಗೆ ಹೋದರು.

ಬೇರೆ ದಾರಿ ಕಾಣದೆ ಲ್ಯಾಪ್‌ಟಾಪನ್ನು ಅವಳ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ತಳ ಬಿಚ್ಚತೊಡಗಿದೆ. ಒಂದು ಸ್ಕ್ರೂ ಉರುಳಿ ಅವಳ ಪಾದಕ್ಕೆ ತಗುಲಿತು. ಅಕ್ಕ ಕಣ್ಣು ತೆರೆದು ಕೆಳಗೆ ನೋಡಿದಳು, ಆಮೇಲೆ ಮೇಜು ನೋಡಿದಳು. ಬಿಚ್ಚಿದ್ದು ಏನೇ ಇರಲಿ, ಅದರ ಒಳಮಗ್ಗುಲು ನೋಡದೆ ಇರುವುದು ಅವಳಿಗೆ ಸಾಧ್ಯವಿಲ್ಲ. ಎದ್ದು ಬಂದಳು. ನಾನು ಹಿಂಜಿನ ಹತ್ತಿರ ಜಜ್ಜಿಹೋಗಿದ್ದ ವೈರನ್ನು ತೋರಿಸಿದೆ. ಆಮೇಲೆ ಅವಳೆದುರು ನಿಂತು ಅಂಗೈ ಎತ್ತಿದೆ, ಹಾಗೇ ಬೊಂಬೆಯಂತೆ ನಿಂತೆ. ವೈರು ತೋರಿಸಿದೆ. ಮತ್ತೆ ಅಂಗೈ ಎತ್ತಿ, ಈ ಸಲ ಪೂರ್ತಿ ಎಳೆದು ಎದೆಗೆ ಮುಟ್ಟಿಸಿದೆ. ಎರಡು ಸಲ, ಮೂರು ಸಲ. ಕಣ್ಣಲ್ಲಿ ನೀರು ಬಂದು ಅವಳ ಮುಖ ನನಗೇ ಕಾಣದಾಯಿತು.

ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದಳು. ತನ್ನ ಸೆರಗಿನಿಂದ ನನ್ನ ಮೂಗು ಒರೆಸಿ, ಹೆಸರಿಟ್ಟದ್ದು ಸರಿಯಾಗಿಯೇ ಇದೆ ಅನ್ನುವಂತೆ ನಕ್ಕಳು.

ಉಳಿದ ಕೆಲಸ ಅವಳದೇ. ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಪರದೆಯ ಚೌಕಟ್ಟನ್ನು ಸುತ್ತಲೂ ಬಿಡಿಸಿದಳು. ನಾನು ಹೆದರಿದ್ದ ಹಿಂಜಿನ ಸಂದಿಯನ್ನು ಒಮ್ಮೆ ನೋಡಿ, ಹಳೆಯ ವೈರಿನ ತುದಿಗೆ ಹೊಸದನ್ನು ದಾರದಿಂದ ಕಟ್ಟಿ, ಲಂಗಕ್ಕೆ ಲಾಡಿ ಪೋಣಿಸುವ ಹಾಗೆ ಕೆಳಗಿನಿಂದ ಎಳೆದಳು. ಹೊಸ ವೈರು ಬಳುಕುತ್ತ ಬಂತು. ಕಾರ್ಡಿನ ಮೇಲೆ ಕೂರಿಸುವಾಗ, ಟಿಕ್ ಅನ್ನಬೇಕು ಎಂದು ನಾನು ಕಿವಿ ತೋರಿಸಿ ಹೇಳಹೋದೆ. ಅವಳು ಅಷ್ಟರಲ್ಲಿ ತೋರುಬೆರಳಿನಿಂದ ಒತ್ತಿ, ರವಿಕೆಯ ಕೊರಳಿನ ಹತ್ತಿರ ಬೆರಳಿಟ್ಟು ತೋರಿಸಿದಳು. ಟಿಚ್ ಬಟನ್! ದಿನಕ್ಕೆಷ್ಟು ಹಾಕುತ್ತಾಳೋ. ಕೂತಿತೋ ಇಲ್ಲವೋ ಅವಳ ಬೆರಳಿಗೆ ಗೊತ್ತು. ಆಗಲೇ ಇನ್ನೊಂದು ಸಂಗತಿ ಬಯಲಾಯಿತು. ನಾನು ಮನೆಯಲ್ಲಿ ಕೂರಿಸಿದ್ದರಲ್ಲಿ ಒಂದು ಕೂತೇ ಇರಲಿಲ್ಲ.

ಜೋಡಿಸಿ, ಅವರ ಮನೆಯ ವೈಫೈಗೆ ಸೇರಿಸಿ ನೋಡಿದೆವು. ಪರದೆಯನ್ನು ಹೇಗೆ ಬಗ್ಗಿಸಿದರೂ ಗೆರೆ ಇಳಿಯಲಿಲ್ಲ. ಹಿತ್ತಿಲಿಗೆ ಒಯ್ದು ಅಲ್ಲಿಂದ ಅವಳ ಫೋನಿಗೆ ಕರೆ ಮಾಡಿದೆ. ಒಳಗಿನಿಂದ ಅಕ್ಕ, ಊಟ ಆರುತ್ತಿದೆ ಬಾ ಅಂದಳು. ಕೈ ಎಲ್ಲೂ ನಿಲ್ಲಲಿಲ್ಲ.

ಊಟ ಮಾಡುತ್ತ, ಅಷ್ಟು ಹೊತ್ತೂ ಕೇಳಲು ಅಂಜಿದ್ದನ್ನು ಕೇಳಿದೆ. ಚಿಕ್ಕಬಳ್ಳಾಪುರದಲ್ಲಿ ಏನಾಯ್ತು?

ಅಕ್ಕ ಕೈ ತೊಳೆದುಕೊಂಡು ಬಂದು ಹೇಳಿದಳು. ಅವಳ ಮಾತಿಗೆ ಇಲ್ಲಿ ವ್ಯಾಕರಣ ಸೇರಿಸಿದ್ದು ನಾನು. ಮೂರು ರವಿಕೆ ತಗೊಂಡು ಹೋಗಿದ್ದೆ. ಒಳಮಗ್ಗುಲು ತಿರುಗಿಸಿ ಮೇಜಿನ ಮೇಲಿಟ್ಟೆ. ಅವರು ಏನೇನೋ ಮಾತಾಡಿದರು, ನಾನು ಕಿವಿ ತೋರಿಸಿದೆ. ಸುತ್ತ ನೋಡಿದರು, ನನ್ನ ಜೊತೆ ಯಾರೂ ಇರಲಿಲ್ಲ. ಆಮೇಲೆ ಒಂದು ತುಂಡು ಬಟ್ಟೆ ಕೊಟ್ಟರು. ಅಲ್ಲೇ ಕತ್ತರಿಸಿ ಹೊಲಿದೆ. ಆ ಮೂವರು ಹುಡುಗಿಯರೂ ನನ್ನ ಹತ್ತಿರ ಬಂದು ನಿಂತರು. ಕೆಲಸ ಕೊಟ್ಟಿದ್ದಾರೆ.

ನಾನು ಕುಣಿದಾಡುವುದೊಂದು ಬಾಕಿ. ನಾನಿದ್ದಿದ್ದರೆ ನಿನಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲ ಎಂದೆ.

ಅಕ್ಕ ಎರಡು ಬೆರಳುಗಳನ್ನು ತನ್ನ ಕಣ್ಣಿನಿಂದ ನನ್ನ ಕಡೆ ತಿರುಗಿಸಿದಳು. ನೀನು ಬಂದರೆ ಅವರು ನಿನ್ನನ್ನು ನೋಡುತ್ತಾರೆ. ಬ್ಯಾಂಕಿನಲ್ಲಿ ನಿನ್ನನ್ನು. ಆಸ್ಪತ್ರೆಯಲ್ಲಿ ನಿನ್ನನ್ನು. ಆಮೇಲೆ ಬೆರಳುಗಳನ್ನು ತನ್ನ ಕಡೆಗೆ ತಿರುಗಿಸಿದಳು. ಆವತ್ತು ನನ್ನನ್ನು ನೋಡಿದರು.

ಅವಳಿಗೆ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಮುದ್ದೆ ಮುರಿಯುವುದನ್ನು ನಿಲ್ಲಿಸಿದ್ದೆ. ಇಷ್ಟು ವರ್ಷ ಅವಳ ಪಕ್ಕದಲ್ಲಿ ನಿಂತಿದ್ದೇನೆ ಎಂದುಕೊಂಡಿದ್ದೆ. ಮುಂದೆ ನಿಂತಿದ್ದೆನೇನೋ. ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, ಒಂದನೇ ತಾರೀಖು ಮೊದಲ ಕ್ಲಾಸು, ಬಾ ಅಂದಳು.

ಹೋದೆ. ಹೊಲಿಗೆಯ ಕೋಣೆಯಲ್ಲಿ ಹಿಂದಿನ ಬೆಂಚು ಹಿಡಿದು ಕೂತೆ. ಹನ್ನೆರಡು ಜನ ಹೆಣ್ಣುಮಕ್ಕಳು, ಎದುರಿಗೆ ಅಕ್ಕ, ಇಸ್ತ್ರಿ ಮಾಡಿದ ಹತ್ತಿ ಸೀರೆಯಲ್ಲಿ. ಕೇಂದ್ರ ನೋಡಿಕೊಳ್ಳುವ ಹಿರಿಯರೊಬ್ಬರು ಬಂದು ಎಲ್ಲರಿಗೂ ನಮಸ್ಕಾರ ಹೇಳಿ, ಅಕ್ಕನನ್ನು ದಾಟಿ ನೇರ ನನ್ನ ಹತ್ತಿರ ಬಂದರು.

"ಮೇಡಂ, ಸ್ವಲ್ಪ ಕೇಳಿ ಇವ್ರನ್ನ. ನಾಲ್ಕು ಮೆಷೀನ್ ಇದಾವೆ, ಸಾಕಾಗತ್ತಾ ಅಂತ."

ಬಾಯಿ ತೆರೆದೆ. ಐವತ್ತು ವರ್ಷದ ಅಭ್ಯಾಸ. ಮುಚ್ಚಿಕೊಂಡೆ.

"ಅವ್ರನ್ನೇ ಕೇಳಿ ಸಾರ್."

ಅವರು ಗಲಿಬಿಲಿಯಾದರು. ನನ್ನ ಮುಖ, ಅಕ್ಕನ ಮುಖ ನೋಡಿದರು. ಆಮೇಲೆ ತಿರುಗಿ ಅಕ್ಕನ ಹತ್ತಿರ ಹೋಗಿ, ಮೆಷೀನುಗಳ ಕಡೆ ಕೈ ತೋರಿಸಿ, ನಾಲ್ಕು ಬೆರಳು ಎತ್ತಿ, ಹುಬ್ಬು ಏರಿಸಿದರು. ಅಕ್ಕ ಒಂದೊಂದೇ ಮೆಷೀನಿನ ಚಕ್ರ ತಿರುಗಿಸಿ ನೋಡಿದಳು. ಒಂದರ ಬೆಲ್ಟು ಹರಿದಿತ್ತು. ಅದನ್ನು ಎತ್ತಿ ತೋರಿಸಿ, ಒಂದು ಬೆರಳು ಮಡಚಿ ಮೂರು ಮಾಡಿದಳು. ಆಮೇಲೆ ಹುಡುಗಿಯರನ್ನು ಇಬ್ಬಿಬ್ಬರಾಗಿ ಎಣಿಸಿ ಆರು ಬೆರಳು ಹಿಡಿದಳು.

"ಆರಾ?" ಎಂದು ಅವರೂ ಆರು ಬೆರಳು ಎತ್ತಿದರು. ಅಕ್ಕ ತಲೆಯಾಡಿಸಿದಳು. ಅವರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡು ಹೋದರು.

ಕ್ಲಾಸು ಶುರುವಾಯಿತು. ನನ್ನನ್ನು ಮತ್ತೆ ಯಾರೂ ಏನೂ ಕೇಳಲಿಲ್ಲ. ಚಿಂತಾಮಣಿಯ ಎರಡು ಬಸ್ಸು ಹೋಗಲು ಬಿಟ್ಟು, ಅಕ್ಕ ಕಲಿಸುವುದನ್ನು ನೋಡುತ್ತ ಅಲ್ಲೇ ಕೂತಿದ್ದೆ.